ಮೊದಲು ಯಾವ ವಿದ್ಯೆ? ‘ಸಿವಿಲೈಸೇಶನ್’ ಆಟಗಳಲ್ಲಿ ಆರಂಭದ ಸಂಶೋಧನೆ ಬೆಳೆದುಬಂದ ಬಗೆ

ಸರದಿಯಂತೆ ನಡೆಯುವ ಸಾಮ್ರಾಜ್ಯ ಕಟ್ಟುವ ಆಟಗಳಲ್ಲಿ ಸೋಲು ಗೆಲುವಿನ ಬೇರು ಬಹುಪಾಲು ಮೊದಲ ಕೆಲವು ಸರದಿಗಳಲ್ಲೇ ಇರುತ್ತದೆ. ಆಗ ಆಟಗಾರನ ಕೈಯಲ್ಲಿರುವುದು ಒಂದು ಊರು, ಒಂದಿಷ್ಟು ಕಾವಲು ಪಡೆ, ಸುತ್ತ ಇನ್ನೂ ತೆರೆಯದ ನಕ್ಷೆ. ಕುಂಬಾರಿಕೆ, ಗಣಿಗಾರಿಕೆ, ಪಶುಪಾಲನೆ, ಬರವಣಿಗೆ ಮೊದಲಾದ ವಿದ್ಯೆಗಳಲ್ಲಿ ಒಂದು ಹೊತ್ತಿಗೆ ಒಂದನ್ನಷ್ಟೇ ಕಲಿಯಲು ಸಾಧ್ಯ. ಒಂದನ್ನು ಆರಿಸಿದರೆ ಉಳಿದವು ಮುಂದೆ ಹೋಗುತ್ತವೆ. ಬೇಗ ಬೆಳೆದ ಊರು ಇನ್ನೂ ಬೇಗ ಬೆಳೆಯುವುದರಿಂದ, ಆರಂಭದ ಸಣ್ಣ ಲಾಭ ನೂರು ಸರದಿಗಳ ನಂತರ ದೊಡ್ಡ ಅಂತರವಾಗುತ್ತದೆ. ಈ ಆಯ್ಕೆಗೂ ನಾಲ್ಕು ದಶಕ ದಾಟಿದ ಇತಿಹಾಸವಿದೆ.

ಅದರ ಮೊದಲ ಸ್ಪಷ್ಟ ರೂಪ ಕಂಪ್ಯೂಟರಿನಲ್ಲಲ್ಲ, ಮೇಜಿನ ಮೇಲೆ ಹರಡುವ ಹಲಗೆಯಾಟದಲ್ಲಿ ಕಾಣಿಸಿತು. ಬ್ರಿಟನ್ನಿನ ಫ್ರಾನ್ಸಿಸ್ ಟ್ರೆಶಮ್ ರೂಪಿಸಿದ ‘ಸಿವಿಲೈಸೇಶನ್’ 1980ರಲ್ಲಿ ಹೊರಬಂತು. ಮರುವರ್ಷ ಅಮೆರಿಕದ ಅವಲಾನ್ ಹಿಲ್ ಸಂಸ್ಥೆ ಅದನ್ನು ಅಲ್ಲಿ ಪ್ರಕಟಿಸಿತು. ಪೂರ್ವ ಮೆಡಿಟರೇನಿಯನ್ ಸುತ್ತಲಿನ ನೆಲ ಅದರ ಕಣ. ಆಟಗಾರರು ಸರಕಿನ ಚೀಟಿಗಳನ್ನು ವಿನಿಮಯ ಮಾಡಿ, ಒಂದೇ ಬಗೆಯವನ್ನು ಕೂಡಿಸಿ, ಆ ಸಂಪತ್ತಿನಿಂದ ವಿದ್ಯೆಯ ಚೀಟಿಗಳನ್ನು ಕೊಳ್ಳಬೇಕಿತ್ತು. ಕುಂಬಾರಿಕೆ ಕ್ಷಾಮದ ಪೆಟ್ಟನ್ನು ತಗ್ಗಿಸುತ್ತಿತ್ತು, ವೈದ್ಯ ಸಾಂಕ್ರಾಮಿಕ ರೋಗದ ಹಾನಿಯನ್ನು; ಖಗೋಳವಿದ್ಯೆ ತಿಳಿದವರ ಹಡಗು ತೆರೆದ ಕಡಲನ್ನು ದಾಟಬಲ್ಲದಾಗಿತ್ತು. ಕೈಯಲ್ಲಿರುವ ಚೀಟಿಗಳು ಮುಂದಿನ ಚೀಟಿಗಳ ಬೆಲೆಯನ್ನು ಇಳಿಸುತ್ತಿದ್ದವು. ಅಗ್ಗದ್ದನ್ನು ಮೊದಲು ಕೊಂಡು ದುಬಾರಿಯದಕ್ಕೆ ದಾರಿ ಮಾಡಿಕೊಳ್ಳುವ ಲೆಕ್ಕಾಚಾರ ಅಲ್ಲಿಂದಲೇ ಮೊದಲಾಯಿತು.

ಕಂಪ್ಯೂಟರಿನಲ್ಲಿ ಈ ಲೆಕ್ಕಕ್ಕೆ ಗಟ್ಟಿ ರೂಪ ಬಂದದ್ದು 1991ರಲ್ಲಿ. ಆ ವರ್ಷ ಮೈಕ್ರೋಪ್ರೋಸ್ ಸಂಸ್ಥೆ ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ ರೂಪಿಸಿದ ‘ಸಿವಿಲೈಸೇಶನ್’ ಆಟವನ್ನು ಬಿಡುಗಡೆ ಮಾಡಿತು. ಶೆಲ್ಲಿ ಅದಕ್ಕೂ ಮೊದಲು ಅವಲಾನ್ ಹಿಲ್‌ನಲ್ಲಿ ದುಡಿದವರು. ಆಟ ಕ್ರಿ.ಪೂ. 4000ದಲ್ಲಿ ಶುರುವಾಗಿ ಬಾಹ್ಯಾಕಾಶ ಯಾನದವರೆಗೆ ಸಾಗುತ್ತದೆ. ವಿದ್ಯೆಗಳು ಕೊಂಬೆ ಕೊಂಬೆಯಾಗಿ ಹರಡಿರುವುದರಿಂದ ಈ ವಿನ್ಯಾಸಕ್ಕೆ ಟೆಕ್ ಟ್ರೀ ಎಂಬ ಹೆಸರು ನಿಂತಿತು. ಬುಡದಲ್ಲಿ ಅಕ್ಷರಮಾಲೆ, ಕಂಚಿನ ಕೆಲಸ, ಶವಸಂಸ್ಕಾರ, ಕುದುರೆ ಸವಾರಿ, ಕಲ್ಲುಕೆಲಸ, ಕುಂಬಾರಿಕೆ, ಚಕ್ರ ಎಂಬ ಏಳು ವಿದ್ಯೆಗಳಿದ್ದವು. ಮೇಲಿನ ವಿದ್ಯೆಗೆ ಸಾಮಾನ್ಯವಾಗಿ ಕೆಳಗಿನ ಎರಡು ಬೇಕಾಗಿತ್ತು.

ಈ ಆಟದಲ್ಲಿ ಎರಡು ನಿಯಮಗಳು ಆರಂಭದ ಆಯ್ಕೆಯನ್ನು ಬಿಗಿಗೊಳಿಸಿದ್ದವು. ಮೊದಲನೆಯದು ಬೆಲೆಯ ನಿಯಮ: ಕಲಿತ ವಿದ್ಯೆಗಳ ಸಂಖ್ಯೆ ಏರಿದಂತೆ ಮುಂದಿನದರ ಬೆಲೆಯೂ ಏರುತ್ತಿತ್ತು. ಬೇಡದ್ದನ್ನು ಕಲಿತವನಿಗೆ ಸಮಯವೂ ಹೋಯಿತು, ಬೇಕಾದದ್ದರ ಬೆಲೆಯೂ ಹೆಚ್ಚಿತು. ಎರಡನೆಯದು ಆಡಳಿತದ ನಿಯಮ: ಎಲ್ಲರೂ ನಿರಂಕುಶ ಆಡಳಿತದಲ್ಲಿ ಆರಂಭಿಸುತ್ತಿದ್ದರು, ಆ ಆಡಳಿತದಲ್ಲಿ ಮೂರು ಅಥವಾ ಹೆಚ್ಚು ಉತ್ಪನ್ನ ಕೊಡುವ ಚೌಕವು ಒಂದನ್ನು ಕಳೆದುಕೊಳ್ಳುತ್ತಿತ್ತು. ರಾಜಪ್ರಭುತ್ವಕ್ಕೆ ಬಂದರೆ ಈ ನಷ್ಟ ನಿಲ್ಲುತ್ತಿತ್ತು. ಹೀಗಾಗಿ ಅಕ್ಷರಮಾಲೆ, ಅದರಿಂದ ಕಾನೂನು ಸಂಹಿತೆ, ಜೊತೆಗೆ ಶವಸಂಸ್ಕಾರ, ಕೊನೆಗೆ ರಾಜಪ್ರಭುತ್ವ ಎಂಬ ನಾಲ್ಕು ಮೆಟ್ಟಿಲಿನ ದಾರಿ ಮೊದಲ ತಲೆಮಾರಿನ ಆಟಗಾರರಿಗೆ ಬಾಯಿಪಾಠವಾಯಿತು. ನೆರೆಯ ಶತ್ರುವಿನ ಭಯವಿದ್ದರೆ ಮಾತ್ರ ನಡುವೆ ಕಂಚಿನ ಕೆಲಸ ಸೇರುತ್ತಿತ್ತು, ಏಕೆಂದರೆ ಊರು ಕಾಯುವ ಫ್ಯಾಲಂಕ್ಸ್ ಪಡೆ ಅದರಿಂದಲೇ ಬರುತ್ತಿತ್ತು. ಕಳ್ಳಪ್ರತಿಗಳನ್ನು ತಡೆಯಲು ಆಟವೇ ನಡುವೆ ಒಂದು ವಿದ್ಯೆಯನ್ನು ತೋರಿಸಿ, ಅದಕ್ಕೆ ಮೊದಲು ಯಾವುವು ಬೇಕು ಎಂದು ಕೇಳುತ್ತಿತ್ತು. ಉತ್ತರ ಜೊತೆಗೆ ಬಂದ ಕೈಪಿಡಿಯಲ್ಲಿರುತ್ತಿತ್ತು. ಹೀಗೆ ವಿದ್ಯೆಗಳ ಪಟ್ಟಿಯನ್ನು ಓದುವುದು ಆಟದ ಭಾಗವೇ ಆಯಿತು.

ಬಾಯಿಪಾಠದ ದಾರಿಯನ್ನು ಮುರಿಯುವ ಪ್ರಯತ್ನಗಳು ಬೇಗನೆ ಬಂದವು. 1993ರ ‘ಮಾಸ್ಟರ್ ಆಫ್ ಓರಿಯನ್’ ಸಂಶೋಧನೆಯನ್ನು ಆರು ಕ್ಷೇತ್ರಗಳಾಗಿ ಒಡೆದು, ಎಲ್ಲಕ್ಕೂ ಏಕಕಾಲಕ್ಕೆ ಪಾಲು ಹಂಚಲು ಅವಕಾಶ ಕೊಟ್ಟಿತು. ಪ್ರತಿ ಆಟದಲ್ಲೂ ಕೆಲವು ವಿದ್ಯೆಗಳು ಸಿಗುತ್ತಲೇ ಇರಲಿಲ್ಲ. ಬ್ರಯನ್ ರೆನಾಲ್ಡ್ಸ್ ಮುಂದಾಳತ್ವದ 1999ರ ‘ಆಲ್ಫಾ ಸೆಂಟೌರಿ’ಯಲ್ಲಿ ಕುರುಡು ಸಂಶೋಧನೆಯ ಆಯ್ಕೆಯಿತ್ತು: ಆಟಗಾರ ಶೋಧ, ಜ್ಞಾನ, ನಿರ್ಮಾಣ, ಯುದ್ಧ ಎಂಬ ದಿಕ್ಕನ್ನಷ್ಟೇ ಸೂಚಿಸಬಹುದು, ನಿಖರ ವಿದ್ಯೆಯನ್ನಲ್ಲ. 2001ರ ‘ಸಿವಿಲೈಸೇಶನ್ 3’ರಲ್ಲಿ ನಾಡುಗಳು ತಮ್ಮ ಗುಣಕ್ಕೆ ತಕ್ಕ ಬೇರೆ ಬೇರೆ ವಿದ್ಯೆಗಳೊಂದಿಗೆ ಆರಂಭಿಸಿದವು. ಕಬ್ಬಿಣ, ಕುದುರೆಗಳು ನಕ್ಷೆಯಲ್ಲಿ ಕಾಣಿಸಬೇಕಾದರೆ ಮೊದಲು ಸಂಬಂಧಪಟ್ಟ ವಿದ್ಯೆ ಬೇಕು ಎಂಬ ನಿಯಮವೂ ಬಂತು.

ಈ ಬೆಳವಣಿಗೆ ಮಾಗಿದ್ದು 2005ರ ‘ಸಿವಿಲೈಸೇಶನ್ 4’ರಲ್ಲಿ. ಸೋರೆನ್ ಜಾನ್ಸನ್ ಮುಖ್ಯ ವಿನ್ಯಾಸಕರಾಗಿದ್ದ ಈ ಆಟದಲ್ಲಿ ಬೇಸಾಯ, ಪಶುಪಾಲನೆ, ಮೀನುಗಾರಿಕೆ, ಬೇಟೆ, ಗಣಿಗಾರಿಕೆ ಎಲ್ಲವೂ ಆರಂಭದ ವಿದ್ಯೆಗಳೇ. ಊರಿನ ಪಕ್ಕದಲ್ಲಿ ಗೋಧಿ ಬೆಳೆದಿದ್ದರೆ ಬೇಸಾಯ, ದನಗಳಿದ್ದರೆ ಪಶುಪಾಲನೆ, ಕಡಲಲ್ಲಿ ಮೀನಿದ್ದರೆ ಮೀನುಗಾರಿಕೆ ಮೊದಲು. ನೆಲವನ್ನು ಹಸನು ಮಾಡುವ ಕೆಲಸಗಾರರಿಗೆ ತಕ್ಕ ವಿದ್ಯೆ ಸಿಗದಿದ್ದರೆ ಅವರು ಸುಮ್ಮನೆ ಕೂರಬೇಕಾಗುತ್ತಿತ್ತು. ಕಂಚಿನ ಕೆಲಸ ಒಂದೇ ಬಾರಿಗೆ ತಾಮ್ರವನ್ನು ತೋರಿಸಿ, ಕಾಡು ಕಡಿದು ಕಟ್ಟಡ ಬೇಗ ಮುಗಿಸಲು ಅವಕಾಶ ಕೊಡುತ್ತಿದ್ದುದರಿಂದ ಬಹುತೇಕ ಆಟಗಾರರು ಅದನ್ನು ತಡಮಾಡುತ್ತಿರಲಿಲ್ಲ. ಭಾರತ ಅಧ್ಯಾತ್ಮ ಮತ್ತು ಗಣಿಗಾರಿಕೆಯೊಂದಿಗೆ ಆರಂಭಿಸುತ್ತಿತ್ತು. ಹಾಗಾಗಿ ಧ್ಯಾನ ಅಥವಾ ಬಹುದೇವತಾರಾಧನೆಯನ್ನು ಕೂಡಲೇ ಕಲಿತು, ಎಲ್ಲರಿಗಿಂತ ಮೊದಲು ಧರ್ಮ ಸ್ಥಾಪಿಸಲು ಹೊರಡಬಹುದಿತ್ತು. ಆದರೆ ಹಾಗೆ ಹೊರಟವರ ಹೊಲ ಬೀಳು ಬೀಳುವ ಅಪಾಯವೂ ಅಷ್ಟೇ ಇತ್ತು.

ಇದೇ ಆಟದಲ್ಲಿ ಸ್ಲಿಂಗ್‌ಶಾಟ್ ಎಂಬ ತಂತ್ರ ಹೆಸರಾಯಿತು. ‘ಆರಕಲ್’ ಎಂಬ ಅದ್ಭುತ ಕಟ್ಟಡವನ್ನು ಮೊದಲು ಮುಗಿಸಿದವರಿಗೆ ಒಂದು ವಿದ್ಯೆ ಉಚಿತ. ಪೌರೋಹಿತ್ಯ, ಕಾನೂನು ಸಂಹಿತೆ, ಗಣಿತಗಳನ್ನು ಮೊದಲೇ ಕಲಿತು, ಕಟ್ಟಡ ಮುಗಿಯುವ ಸರದಿಯನ್ನು ಹೊಂದಿಸಿ, ಆ ಉಚಿತ ವಿದ್ಯೆಯಾಗಿ ಸಿವಿಲ್ ಸರ್ವಿಸ್ ಪಡೆದವರು ಕಾಲಕ್ಕಿಂತ ಬಹಳ ಮುಂದೆ ಹೋಗುತ್ತಿದ್ದರು. ಅದರಿಂದ ಬರುವ ಅಧಿಕಾರಶಾಹಿ ವ್ಯವಸ್ಥೆ ರಾಜಧಾನಿಯ ಉತ್ಪಾದನೆ ಮತ್ತು ವ್ಯಾಪಾರವನ್ನು 50% ಹೆಚ್ಚಿಸುತ್ತಿತ್ತು. ಬೇರೆ ನಾಡು ಆ ಕಟ್ಟಡವನ್ನು ಮೊದಲೇ ಮುಗಿಸಿದರೆ ಮಾತ್ರ ಲೆಕ್ಕವೆಲ್ಲ ತಲೆಕೆಳಗಾಗುತ್ತಿತ್ತು.

2010ರ ‘ಸಿವಿಲೈಸೇಶನ್ 5’ ಆಯ್ಕೆಯನ್ನು ಸರಳಗೊಳಿಸಿತು. ಬೇಸಾಯ ಎಲ್ಲರಿಗೂ ಮೊದಲೇ ತಿಳಿದಿರುತ್ತಿತ್ತು. ವಿಜ್ಞಾನ ಜನಸಂಖ್ಯೆಗೆ ಅಂಟಿಕೊಂಡಿದ್ದರಿಂದ ಕಣಜ ಕೊಡುವ ಕುಂಬಾರಿಕೆ, ಅದರ ಬೆನ್ನಿಗೇ ಗ್ರಂಥಾಲಯ ಕೊಡುವ ಬರವಣಿಗೆ ರೂಢಿಯ ದಾರಿಯಾದವು. 2016ರ ‘ಸಿವಿಲೈಸೇಶನ್ 6’ರಲ್ಲಿ ಎಡ್ ಬೀಚ್ ಮತ್ತವರ ತಂಡ ಯುರೇಕಾ ಎಂಬ ನಿಯಮ ತಂದಿತು. ಕಡಲ ತೀರದಲ್ಲಿ ಊರು ಕಟ್ಟಿದರೆ ನೌಕಾಯಾನ, ಕವಣೆಗಾರನಿಂದ ಶತ್ರುವನ್ನು ಕೊಂದರೆ ಬಿಲ್ಲುವಿದ್ಯೆ, ಕಲ್ಲುಗಣಿ ತೆರೆದರೆ ಕಲ್ಲುಕೆಲಸ, ಇನ್ನೊಂದು ನಾಡನ್ನು ಭೇಟಿಯಾದರೆ ಬರವಣಿಗೆ ಅಗ್ಗವಾಗುತ್ತದೆ. ಮೊದಲು ಈ ರಿಯಾಯಿತಿ ಅರ್ಧದಷ್ಟಿತ್ತು. 2018ರ ವಿಸ್ತರಣೆಯಲ್ಲಿ 40%ಗೆ ಇಳಿಯಿತು. ಆಳ್ವಿಕೆ ಮತ್ತು ಸಂಸ್ಕೃತಿಯ ವಿಚಾರಗಳು ಬೇರೆಯೇ ಮರವಾಗಿ ಕವಲೊಡೆದವು. 2025ರ ಏಳನೆಯ ಆವೃತ್ತಿ ಆಟವನ್ನು ಯುಗಗಳಾಗಿ ಒಡೆದು, ಪ್ರತಿ ಯುಗಕ್ಕೂ ಪ್ರತ್ಯೇಕ ವಿದ್ಯಾವೃಕ್ಷ ಕೊಟ್ಟಿತು. ಆರಂಭದ ಆಯ್ಕೆ ಈಗ ಒಂದೇ ಆಟದಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ.

ಈ ಮರಗಳ ಒಂದು ಮಿತಿಯನ್ನು ಕನ್ನಡ ನಾಡಿನ ನೆಲವೇ ತೋರಿಸುತ್ತದೆ. ಆಟಗಳಲ್ಲಿ ಕಂಚಿನ ಕೆಲಸ ತಿಳಿಯದೆ ಕಬ್ಬಿಣಕ್ಕೆ ದಾರಿಯಿಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಲ್ಲಿ ಕಲ್ಲಿನ ಕೊಡಲಿಯ ಜನರ ನಂತರ ಕಬ್ಬಿಣ ಬಳಸಿದ ಬೃಹತ್‌ಶಿಲಾ ಸಂಸ್ಕೃತಿ ಕಂಡುಬಂತು. ಕಲ್ಲಿನ ಕಾಲದ ಪದರಗಳಲ್ಲಿ ತಾಮ್ರ, ಕಂಚಿನ ವಸ್ತುಗಳು ಸಿಕ್ಕಿದ್ದು ತೀರ ಕಡಿಮೆ. ದಕ್ಷಿಣ ಭಾರತದಲ್ಲಿ ಪಶ್ಚಿಮ ಏಷ್ಯಾದಂಥ ಪೂರ್ಣ ಕಂಚಿನ ಯುಗ ಇರಲಿಲ್ಲ. ಎಲ್ಲ ನಾಡುಗಳೂ ಒಂದೇ ಏಣಿ ಹತ್ತಿದವು ಎಂಬ ಊಹೆ ಆಟಕ್ಕೆ ಅನುಕೂಲ, ಚರಿತ್ರೆಗೆ ಅಲ್ಲ.

ಆವೃತ್ತಿಗಳು ಬದಲಾದರೂ ಆರಂಭದ ಸಂಶೋಧನೆಯಲ್ಲಿ ಮೂರು ಸಂಗತಿಗಳು ಉಳಿದುಬಂದಿವೆ. ಮೊದಲು ಊರಿನ ಸುತ್ತಲಿನ ನೆಲದಿಂದ ಅನ್ನ ತರುವ ವಿದ್ಯೆ, ಬಳಿಕ ಆ ಊರನ್ನು ಉಳಿಸಿಕೊಳ್ಳುವಷ್ಟು ರಕ್ಷಣೆ, ಇವೆರಡೂ ಕೈಗೂಡಿದ ಮೇಲೆ ದೂರದ ಒಂದೇ ಗುರಿಯತ್ತ ನೇರ ನಡಿಗೆ. 1991ರಲ್ಲಿ ಉತ್ತರ ಕೈಪಿಡಿಯಲ್ಲಿತ್ತು. ಈಗ ಬಹುಪಾಲು ನಕ್ಷೆಯಲ್ಲಿದೆ. ಎಲ್ಲ ಆಟಕ್ಕೂ ಸಲ್ಲುವ ಒಂದೇ ಕ್ರಮವನ್ನು ಹುಡುಕುವವನಿಗಿಂತ ತನ್ನ ನೆಲವನ್ನು ಓದಿ ಕ್ರಮವನ್ನು ಬದಲಿಸುವವನೇ ಒಳ್ಳೆಯ ಆಟಗಾರ.