ಭಾಗವತರ ಹೆಸರು ಕೇಳಿ ಹೋದ ಆಟ

ಮೇಳಿಗೆಯಿಂದ ತೀರ್ಥಹಳ್ಳಿಗೆ ಡೇರೆ ಮೇಳದ ಆಟಕ್ಕೆ ಹೊರಟರೆ, ವೇಷಧಾರಿಗಳು ಯಾರು ಯಾರೆಂಬುದೇ ನಮಗೆ ದೊಡ್ಡ ಮಾತು. ಭಾಗವತರು ಯಾರೆಂದು ಕೇಳುವವರು ಹಿರಿಯರು ಮಾತ್ರ. ಎಂಬತ್ತರ ದಶಕದಲ್ಲಿ ಈ ಕ್ರಮವನ್ನು ತಲೆಕೆಳಗು ಮಾಡಿದವರು ಗುಂಡ್ಮಿ ಕಾಳಿಂಗ ನಾವಡರು.

೧೯೫೮ರಲ್ಲಿ ಹುಟ್ಟಿದ ಇವರು ನಾರಣಪ್ಪ ಉಪ್ಪೂರರ ಶಿಷ್ಯರು. ಸಾಲಿಗ್ರಾಮ ಮೇಳದ ರಂಗದಲ್ಲಿ ತಾಳ ಹಿಡಿದು ಏರುಶ್ರುತಿಯಲ್ಲಿ ಪದವೆತ್ತಿದರೆ, ಚಂಡೆ ಕೂಡುವ ಮೊದಲೇ ಮೈ ಜುಮ್ಮೆನ್ನುತ್ತಿತ್ತು. ಹಿಂದಿನ ಸಾಲಿನಲ್ಲಿದ್ದ ನಾವು ಹುಡುಗರು ಸಿಳ್ಳೆ ಹಾಕಿ ಬೈಸಿಕೊಂಡದ್ದೂ ಉಂಟು. ರಾಗವನ್ನು ಇಷ್ಟು ಬೆಳೆಸುವುದು ಸಂಪ್ರದಾಯವೇ ಎಂದು ಗೊಣಗಿದವರಿದ್ದರು. ಪುರಾಣ ಬಿಟ್ಟು ಅವರು ಬರೆದ ‘ನಾಗಶ್ರೀ’ ಪ್ರಸಂಗಕ್ಕೂ ಆಕ್ಷೇಪವಿತ್ತು. ಆದರೆ ಗೊಣಗಿದವರಾರೂ ಬೆಳಗಾಗುವ ಮೊದಲು ಎದ್ದುಹೋದದ್ದನ್ನು ನಾನು ಕಾಣೆ.

೧೯೯೦ರ ಮೇ ತಿಂಗಳಲ್ಲಿ, ಮೂವತ್ತೆರಡರ ಆಸುಪಾಸಿನಲ್ಲೇ, ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರ ಪದಗಳ ಧ್ವನಿಮುದ್ರಣಗಳನ್ನು ಮಲೆನಾಡಿನ ಮನೆಗಳಲ್ಲಿ ಇಂದಿಗೂ ಹಾಕಿಕೊಂಡು ಕೇಳುತ್ತಾರೆ.