ಸುಗಂಧ ತೈಲ ಧೂಮೀಕರಣ

ಸಂಗ್ರಹಿಸಿಟ್ಟ ದವಸಧಾನ್ಯಕ್ಕೆ ಬೀಳುವ ಹುಳುಗಳನ್ನು ಸಸ್ಯಜನ್ಯ ಸುಗಂಧ ತೈಲಗಳ ಆವಿಯಿಂದ ಕೊಲ್ಲುವ ಅಥವಾ ದೂರವಿಡುವ ವಿಧಾನ. ಎಲೆ, ತೊಗಟೆ, ಬೇರು, ಬೀಜಗಳನ್ನು ಹಬೆಯಲ್ಲಿ ಬಟ್ಟಿ ಇಳಿಸಿ ಈ ತೈಲಗಳನ್ನು ಪಡೆಯುತ್ತಾರೆ. ಕಾಳುಕಡ್ಡಿಯ ನಡುವೆ ಬೇವಿನ ಎಲೆ, ಲಕ್ಕಿ ಸೊಪ್ಪು, ಬಜೆ ಬೇರು ಇಡುವುದು ಕರ್ನಾಟಕದ ಹಳೆಯ ರೂಢಿ.

ಧಾನ್ಯದ ಧೂಮೀಕರಣಕ್ಕೆ ಬಳಸುತ್ತಿದ್ದ, ಓಜೋನ್ ಪದರಕ್ಕೆ ಹಾನಿಕರವಾದ ಮೀಥೈಲ್ ಬ್ರೋಮೈಡನ್ನು ಮಾಂಟ್ರಿಯಲ್ ಒಪ್ಪಂದದಂತೆ ಮುಂದುವರಿದ ದೇಶಗಳು 2005ರಲ್ಲಿ, ಅಭಿವೃದ್ಧಿಶೀಲ ದೇಶಗಳು 2015ರಲ್ಲಿ ಕೈಬಿಡಬೇಕಾಯಿತು. ಕ್ವಾರಂಟೈನ್‌ನಂಥ ಕೆಲವು ಬಳಕೆಗಳಿಗೆ ವಿನಾಯಿತಿ ಉಳಿಯಿತು. ಅದೇ ಕೆಲಸಕ್ಕೆ ಬಳಸುವ ಫಾಸ್ಫೀನ್ ಅನಿಲಕ್ಕೆ ಹಿಟ್ಟಿನ ಕೆಂಪು ದುಂಬಿಯಂಥ ಕೀಟಗಳು ನಿರೋಧಶಕ್ತಿ ಬೆಳೆಸಿಕೊಂಡಿವೆ. ಹೀಗಾಗಿ ನೀಲಗಿರಿಯ ಸಿನಿಯೋಲ್, ಲವಂಗದ ಯೂಜಿನಾಲ್, ಓಮದ ಥೈಮಾಲ್, ನಿಂಬೆಹುಲ್ಲಿನ ಸಿಟ್ರಾಲ್ ಸಂಶೋಧಕರ ಗಮನ ಸೆಳೆದವು. ಇವುಗಳ ಆವಿ ಉಸಿರುರಂಧ್ರಗಳ ಮೂಲಕ ಕೀಟದ ಮೈಹೊಕ್ಕು ನರಮಂಡಲವನ್ನು ಕೆಡಿಸುತ್ತದೆ.

ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಧಾನ್ಯರಕ್ಷಣೆಯಲ್ಲಿ ದೀರ್ಘಕಾಲ ದುಡಿದಿದೆ. ಅಲ್ಲಿನ ಎಸ್. ರಾಜೇಂದ್ರನ್ ಮತ್ತು ವಿ. ಶ್ರೀರಂಜಿನಿ 2008ರ ಸಮೀಕ್ಷೆಯಲ್ಲಿ ಈ ವಿಧಾನದ ಮಿತಿಗಳನ್ನು ಗುರುತಿಸಿದರು. ತೈಲಗಳ ಕುದಿಬಿಂದು ಹೆಚ್ಚು, ಆವಿಯ ಒತ್ತಡ ಕಡಿಮೆ. ಆವಿಯನ್ನು ಧಾನ್ಯವೇ ಹೀರಿಕೊಳ್ಳುವುದರಿಂದ ರಾಶಿಯ ಒಳಕ್ಕೆ ಅದು ಸಾಕಷ್ಟು ಇಳಿಯದು. ಆದ್ದರಿಂದ ದೊಡ್ಡ ಗೋದಾಮಿಗಿಂತ ಸಣ್ಣ ಪ್ರಮಾಣದ ದಾಸ್ತಾನಿಗೆ ಇವು ಹೆಚ್ಚು ಸೂಕ್ತ.

ಧಾನ್ಯದ ಹುಳುಗಳನ್ನು ಕೊಲ್ಲುವ ಮಿತ್ರಕೀಟಗಳ ಮೇಲಿನ ಪರಿಣಾಮ ಅಷ್ಟೇ ಮುಖ್ಯ. ಹೆಣ್ಣು ಅಕ್ಕಿಹುಳು ಕಾಳಿನಲ್ಲಿ ಕುಳಿ ಕೊರೆದು, ಮೊಟ್ಟೆಯಿಟ್ಟು, ಅಂಟುದ್ರವದಿಂದ ಬಾಯಿ ಮುಚ್ಚುತ್ತದೆ. ಮರಿ ಒಳಗೇ ಬೆಳೆಯುತ್ತದೆ. ಕೆಲವೇ ಮಿಲಿಮೀಟರ್ ಉದ್ದದ ಅನೈಸಾಪ್ಟೆರೊಮಲಸ್ ಎಂಬ ಪರತಂತ್ರ ಕೀಟ ಹೊರಗಿನಿಂದಲೇ ಕಾಳಿಗೆ ಅಂಡನಾಳ ಚುಚ್ಚಿ ಆ ಮರಿಯ ಮೇಲೆ ತನ್ನ ಮೊಟ್ಟೆಯಿಡುತ್ತದೆ. ಆವಿ ಹರಡಿದಾಗ ಕಾಳಿನೊಳಗಿನ ಶತ್ರುವಿಗೆ ಮರೆಯಿರುತ್ತದೆ. ಕಾಳಿನ ಮೇಲೆ ಓಡಾಡುವ ಮಿತ್ರನಿಗೆ ಇರುವುದಿಲ್ಲ. ನಿಂಬೆಹುಲ್ಲಿನ ಬಳಗದ ತೈಲಗಳು ಅಲಸಂದೆ ದುಂಬಿಗಷ್ಟೇ ಅಲ್ಲ, ಅದರ ಶತ್ರುವಾದ ಡೈನಾರ್ಮಸ್ ಕೀಟಕ್ಕೂ ವಿಷವೆಂಬುದು ಪಶ್ಚಿಮ ಆಫ್ರಿಕದ ಟೋಗೋದಲ್ಲಿ ನಡೆದ ಅಧ್ಯಯನಗಳಿಂದ ತಿಳಿದಿದೆ. ಎರಡೂ ಉಪಾಯ ಬೇಕಿದ್ದಲ್ಲಿ ಮೊದಲು ತೈಲ ಬಳಸಿ, ಆವಿ ಪೂರ್ತಿ ಆರಿದ ಮೇಲೆ ಮಿತ್ರಕೀಟಗಳನ್ನು ಬಿಡುವುದು ಲೇಸು.

ಒಂದೇ ಸಸ್ಯದ ತೈಲವೂ ತಳಿ, ಮಣ್ಣು, ಕೊಯ್ಲಿನ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಕೃಷಿ ಉತ್ಪನ್ನಗಳಿಗೆ 1937ರ ಕಾಯಿದೆಯಡಿ ಮಾರಾಟ ಮತ್ತು ತಪಾಸಣಾ ನಿರ್ದೇಶನಾಲಯ ಆಗ್‌ಮಾರ್ಕ್ ದರ್ಜೆ ನಿಗದಿಪಡಿಸುತ್ತದೆ. ಸುಗಂಧ ತೈಲಗಳೂ ಈ ದರ್ಜೆಯ ವ್ಯಾಪ್ತಿಗೆ ಬರುತ್ತವೆ. ಧೂಮೀಕರಣದಲ್ಲಿ ಇಂಥ ಗುಣಮಾಪನವಿಲ್ಲದೆ ಪ್ರಮಾಣ ನಿರ್ಧರಿಸಲಾಗದು: ಸತ್ವಾಂಶ ಕಡಿಮೆಯಾದರೆ ಹುಳು ಉಳಿಯುತ್ತದೆ, ಮಿತಿಮೀರಿದರೆ ಧಾನ್ಯಕ್ಕೆ ವಾಸನೆ ಅಂಟುತ್ತದೆ, ಮಿತ್ರಕೀಟಗಳೂ ಸಾಯುತ್ತವೆ.