ರೊಟ್ಟಿಯ ಮೂಲ ಕೇಳಿದರೆ

ಕಡೂರು ಸೀಮೆಯಲ್ಲಿ ದನಗಳಿಗೆ ಚರಿತ್ರೆ ಇದೆ. ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಅದರ ಹೆಸರು ಬೆಣ್ಣೆ ಚಾವಡಿ. ಟಿಪ್ಪುವಿನ ಕಾಲಕ್ಕೆ ಅಮೃತಮಹಲ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ದನಗಳೂ ಬ್ರಿಟಿಷರ ಕೈಸೇರಿ ಅವರ ಫಿರಂಗಿ ಎಳೆದವು. 1929ರಲ್ಲಿ ಅಜ್ಜಂಪುರದಲ್ಲಿ ತಳಿ ಕೇಂದ್ರ ಶುರುವಾಯಿತು. ಯಾವ ಕಾವಲು, ಎಷ್ಟು ಹಿಂಡು, ಯಾವ ಹುಲ್ಲು ಎಂಬ ಬಗ್ಗೆ ಸರ್ಕಾರದ ಕಾಗದ ಬೇಕಾದಷ್ಟಿವೆ. ಆದರೆ ಅದೇ ಕಾವಲಿನ ಅಂಚಿನಲ್ಲಿ ಬಿಸಿಲಿಗೆ ನಿಂತು ದನ ಕಾದ ಆಳು ಮಧ್ಯಾಹ್ನಕ್ಕೆ ಏನು ತಿಂದ? ಇದನ್ನು ತಿಳಿಯೋಕೆ ದಫ್ತರಕ್ಕೆ ಹೋದರೆ ಆಗಲ್ಲ. ಒಲೆ ಮುಂದೆ ಕೂರಬೇಕು.

ಎಮ್ಮೆದೊಡ್ಡಿ ಅನ್ನೋ ಹೆಸರಲ್ಲೇ ದನ ಇದೆ, ದೊಡ್ಡಿ ಇದೆ. ಬಾಬಾಬುಡನ್‌ಗಿರಿ ಸಾಲು ಮೂಡಣಕ್ಕೆ ಇಳಿದು ಬಯಲಾಗುವ ಕಡೆ ಈ ಊರು. ಹತ್ತಿರದಲ್ಲೇ ಮದಗದ ಕೆರೆ. ಕರ್ನಾಟಕದ ಉದ್ದಗಲಕ್ಕೂ ಜನ ಹಾಡಿಕೊಂಡ ಮಳೆಯ ಪದದ ಕೆರೆ ಅದು. ಗಿರಿಯಿಂದ ಇಳಿಯುವ ಅವತಿ ಹೊಳೆ ಈ ಕೆರೆ ತುಂಬುತ್ತೆ. ಸಖರಾಯಪಟ್ಟಣದ ಅಯ್ಯನಕೆರೆಯಿಂದ ವೇದಾ ಹೊಳೆ ಬರುತ್ತೆ. ಎರಡೂ ಕಡೂರಿನ ಹತ್ತಿರ ಕೂಡಿ ವೇದಾವತಿ ಆಗುತ್ತೆ.

ಈಗ ನೀರು ಎಲ್ಲಿ ಹರಿಯಿತು ಅಂತ ನೋಡಿ, ಅನ್ನ ಎಲ್ಲಿ ಬೆಂದಿತು ಅಂತ ಗೊತ್ತಾಗುತ್ತೆ. ಕೆರೆ ಏರಿಯ ಕೆಳಗೆ ಗದ್ದೆ, ತೆಂಗು, ಅಡಿಕೆ. ಏರಿಗೆ ದೂರದ ದಿಬ್ಬದ ಮೇಲೆ ಮಳೆ ನಂಬಿದ ಕೆಂಪು ನೆಲ. ಕೆಳಗಿನವರಿಗೆ ನೆಲ್ಲು, ಮೇಲಿನವರಿಗೆ ರಾಗಿ. ನೆಲದ ಲೆಕ್ಕದಲ್ಲಿ ದಿಬ್ಬದವರು ಮೇಲಿದ್ದರು, ಜಾತಿಯ ಲೆಕ್ಕದಲ್ಲಿ ಕೆಳಗಿದ್ದರು. ಕೆರೆಗೆ ಮಣ್ಣು ಹೊತ್ತವರಿಗೆ ಕೆರೆ ನೀರಿನ ಬೆಳೆ ಸಿಗಲಿಲ್ಲ.

ಧಾನ್ಯಕ್ಕೂ ಜಾತಿ ಇದೆ ಎಂದು ಹದಿನಾರನೇ ಶತಮಾನದಲ್ಲೇ ಕನಕದಾಸರು ಬರೆದಿಟ್ಟರು. ‘ರಾಮಧಾನ್ಯ ಚರಿತೆ’ಯಲ್ಲಿ ನೆಲ್ಲು ಎದ್ದು ನಿಂತು ರಾಗಿಯನ್ನು ಕೀಳು ಜನರ ಕೂಳು ಅಂತ ಹೀಗಳೆಯುತ್ತೆ. ರಾಗಿ ಸುಮ್ಮನಿರಲ್ಲ, ತಿರುಗಿ ಬೀಳುತ್ತೆ. ರಾಮ ಎರಡನ್ನೂ ಆರು ತಿಂಗಳು ಸೆರೆಗೆ ಹಾಕಿಸುತ್ತಾನೆ. ಹೊರಗೆ ಬಂದಾಗ ನೆಲ್ಲು ಕೆಟ್ಟಿರುತ್ತೆ, ರಾಗಿ ಗಟ್ಟಿಯಾಗಿ ನಿಂತಿರುತ್ತೆ. ಪಂಡಿತರು ಇದನ್ನು ಭಕ್ತಿಯ ಕತೆ ಎಂದು ಪಾಠ ಹೇಳಿಬಿಡ್ತಾರೆ. ಊರಾಚೆಯವರು ಓದಿದರೆ ಇದು ಪಂಕ್ತಿಭೇದದ ಮೇಲೆ ಹೂಡಿದ ಮೊಕದ್ದಮೆ.

ರಾಗಿ ಕೆಡಲ್ಲ ಅನ್ನೋದು ಕವಿಯ ಕಲ್ಪನೆಯೇನಲ್ಲ. ಕಾಳು ಸಣ್ಣದು, ಹುಳ ಹಿಡಿಯೋದು ಕಡಿಮೆ. ನೆಲದೊಳಗೆ ಹಗೇವು ತೋಡಿ ತುಂಬಿ ಮುಚ್ಚಿದರೆ ವರ್ಷಗಟ್ಟಲೆ ಇರುತ್ತೆ. ಆದರೆ ಹಗೇವು ಯಾರದ್ದು? ಗೌಡನದ್ದು, ಸಾಹುಕಾರನದ್ದು. ಒಳಗಿನ ರಾಗಿ ಬೆಳೆದವರು ಹೊರಗೆ ನಿಂತಿದ್ದರು. ಜೀತದವನಿಗೆ ವರ್ಷಕ್ಕೆ ಇಷ್ಟು ಖಂಡುಗ, ಕೂಲಿಯವಳಿಗೆ ದಿನಕ್ಕೆ ಇಷ್ಟು ಸೇರು, ತೋಟಿ ತಳವಾರನಿಗೆ ಸುಗ್ಗಿ ಕಣದಲ್ಲಿ ಇಷ್ಟು ಮೊರ. ಅಳೆಯುವ ಕೊಳಗ ಅವರದು, ಒಡ್ಡುವ ಸೆರಗು ನಮ್ಮದು.

1876ರಿಂದ 1878ರವರೆಗೆ ಬಂದ ಬರವನ್ನು ಹಳಬರು ಧಾತು ಈಶ್ವರದ ಬರ ಅಂತಿದ್ದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷ 55 ಸಾವಿರ. 1881ರಲ್ಲಿ 41 ಲಕ್ಷ 86 ಸಾವಿರ. ಹೆಚ್ಚಬೇಕಾಗಿದ್ದ ಜನ ಹತ್ತಿರ ಹತ್ತಿರ 9 ಲಕ್ಷ ಕಡಿಮೆಯಾದರು. ಸಂಸ್ಥಾನ ಆಗ ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು. ಭೂಮಿ ಇಲ್ಲದವನು, ಕೂಲಿ ನಿಂತ ಕೂಡಲೇ ಒಲೆ ಆರಿಹೋಗುವವನು, ಬರ ಮೊದಲು ಹಿಡಿಯುವುದು ಇಂಥವನನ್ನೇ. ಮಳೆ ಹೋದದ್ದು ಎಲ್ಲರಿಗೂ. ರೊಟ್ಟಿ ಹೋದದ್ದು ಕೆಲವರಿಗೆ.

ಇನ್ನು ರೊಟ್ಟಿ. ಮುದ್ದೆ ಮನೆಯ ಊಟ. ಅದಕ್ಕೆ ಸಾರು ಬೇಕು, ತಟ್ಟೆ ಬೇಕು, ಕೂತು ನುಂಗೋಕೆ ಹೊತ್ತು ಬೇಕು. ರೊಟ್ಟಿ ಹಾದಿಯ ಊಟ. ಬಟ್ಟೆಯಲ್ಲಿ ಕಟ್ಟಿ ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದು. ಬಯಲಿನ ಜನ ಗಿರಿಯ ಕಾಫಿ ತೋಟಗಳಿಗೆ ಕೂಲಿಗೆ ಹತ್ತಿದಾಗ ಜೊತೆಗೆ ಹತ್ತಿದ್ದು ರೊಟ್ಟಿ.

ನಮ್ಮವ್ವ ಮಾಡೋ ಕ್ರಮ ಹೇಳ್ತೀನಿ. ನೀರಿಗೆ ಉಪ್ಪು ಹಾಕಿ ಮರಳಿಸ್ತಾಳೆ. ರಾಗಿ ಹಿಟ್ಟಿಗೆ ಆ ಬಿಸಿನೀರು ಹುಯ್ದು, ಮೊದಲು ಕೋಲಲ್ಲಿ ತಿರುವಿ, ಕೈ ತಡೆಯುವಷ್ಟು ಆರಿದ ಮೇಲೆ ನಾದ್ತಾಳೆ. ಗೋಧಿಯಲ್ಲಿರುವ ಜಿಗುಟು ರಾಗಿಯಲ್ಲಿ ಇಲ್ಲ. ತಣ್ಣೀರಲ್ಲಿ ಕಲಸಿದರೆ ತಟ್ಟುವಾಗ ಅಂಚು ಬಿರಿಯುತ್ತೆ. ಬಿಸಿನೀರಿಗೆ ಹಿಟ್ಟು ಅರೆಬೆಂದು ಅಂಟು ಬಿಡುತ್ತೆ, ಆಗ ಉಂಡೆ ಮಾತು ಕೇಳುತ್ತೆ. ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಇದ್ದರೆ ಹೆಚ್ಚಿ ಹಾಕ್ತಾಳೆ. ಇಲ್ಲದಿದ್ದರೆ ಬರೀ ಹಿಟ್ಟು. ಒದ್ದೆ ಬಟ್ಟೆ ಮೇಲೆ ಉಂಡೆ ಇಟ್ಟು, ಕೈ ನೀರಿಗೆ ಅದ್ದಿ ಅದ್ದಿ, ನಡುವಿನಿಂದ ಅಂಚಿಗೆ ತಟ್ಟಿ, ಬಟ್ಟೆ ಸಮೇತ ಎತ್ತಿ ಕಾದ ಹೆಂಚಿಗೆ ಕವುಚಿ, ಬಟ್ಟೆ ಬಿಡಿಸ್ತಾಳೆ. ಮೇಲಿನ ತೇವ ಆರಿ ಬಣ್ಣ ಕಪ್ಪಾದಾಗ ಮಗುಚೋದು. ಅಂಚು ಮೇಲೆದ್ದರೆ ಬೆಂದಿತು ಅಂತ.

ಪಕ್ಕದ ಒಲೆ ಗುಣಿಯಲ್ಲಿ ಆಲೂಗಡ್ಡೆ ಸಿಪ್ಪೆ ಸಮೇತ ಬೇಯುತ್ತೆ. ಸಿಪ್ಪೆ ಸುಲಿದು, ಪೂರ್ತಿ ಪುಡಿ ಮಾಡದೆ ಕೈಯಲ್ಲೇ ಮುರಿದು, ಸಾಸಿವೆ, ಈರುಳ್ಳಿ, ಮೆಣಸಿನಕಾಯಿ, ಅರಿಶಿಣದ ಒಗ್ಗರಣೆಗೆ ಹಾಕಿ ಉಪ್ಪು ಬೆರೆಸಿದರೆ ಪಲ್ಯ. ರಸ ಬಿಡಲ್ಲ, ಬುತ್ತಿಯಲ್ಲಿ ಸೋರಲ್ಲ. ಪಾವು ಕೇಜಿ ತಂದರೂ ನಾಲ್ಕು ಜನರ ರೊಟ್ಟಿಗೆ ನಂಚಿಕೊಳ್ಳೋಕೆ ಆಗುತ್ತೆ. ಸಂತೆಯಿಂದ ಸಂತೆಗೆ ಮೂಲೆಯಲ್ಲಿ ಬಿದ್ದಿದ್ದರೂ ಕೆಡಲ್ಲ. ಬಡವರ ಮನೆಗೆ ಇದು ಯಾಕೆ ಒಗ್ಗಿತು ಅನ್ನೋಕೆ ಬೇರೆ ಶಾಸ್ತ್ರ ಬೇಡ.

ಇಷ್ಟು ಹೇಳಿದ ಮೇಲೆ ಈ ತಟ್ಟೆಯ ಮೂಲ ಕೇಳೋಣ. ಮೂಲ ಕೇಳೋದು ನಮ್ಮ ದೇಶದವರಿಗೆ ಬಹಳ ಪ್ರೀತಿಯ ಕೆಲಸ. ಬಾಡಿಗೆ ಮನೆ ಕೇಳಿದರೆ ಮೂಲ, ಹೋಟೆಲಲ್ಲಿ ಕೂತರೆ ಮೂಲ, ಹೊಸ ಮೇಷ್ಟ್ರು ಬಂದರೆ ಮೂಲ. ರೊಟ್ಟಿ ಪಲ್ಯವನ್ನು ಮಾತ್ರ ಯಾರೂ ಕೇಳಿಲ್ಲ.

ರಾಗಿಯ ಮೂಲ ಪೂರ್ವ ಆಫ್ರಿಕದ ಎತ್ತರದ ನೆಲ. ಕರಿಯ ಜನ ಕಾಡುಹುಲ್ಲನ್ನು ಪಳಗಿಸಿ ಧಾನ್ಯ ಮಾಡಿದರು, ಅದು ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂತು. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ವಿಜ್ಞಾನಿ ಇಲ್ಲಿನ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ‘ಇಂಡಾಫ್’ ತಳಿಗಳನ್ನು ತಂದರು. ಇಂಡಿಯಾದ ಇಂಡ್, ಆಫ್ರಿಕದ ಆಫ್. ಇಳುವರಿ ಏರಿತು, ಎಷ್ಟೋ ಮನೆಯ ಹಸಿವು ಇಳಿಯಿತು. ಎರಡು ಖಂಡಗಳ ಬೆರಕೆ ಅದು. ಬೆರಕೆ ಅನ್ನೋದನ್ನ ಬೈಗುಳವಾಗಿ ಬಳಸೋರು ಆ ರಾಗಿಯನ್ನೇ ಉಂಡರು.

ಆಲೂಗಡ್ಡೆಯ ಮೂಲ ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟ. ಅಲ್ಲಿನ ಮೂಲನಿವಾಸಿಗಳು ಅದನ್ನು ಬೆಳೆದು, ಹಗಲು ಬಿಸಿಲಿಗೆ ಇರುಳು ಮಂಜಿಗೆ ಒಣಗಿಸಿ ವರ್ಷಗಟ್ಟಲೆ ಇಡುವ ವಿದ್ಯೆ ಕಂಡುಕೊಂಡಿದ್ದರು. 1532ರಲ್ಲಿ ಸ್ಪೇನಿನವರು ಬಂಗಾರ ಹುಡುಕಿಕೊಂಡು ನುಗ್ಗಿ ಆ ರಾಜ್ಯ ಒಡೆದರು. ದೋಚಿದ ಬಂಗಾರ ಕರಗಿಹೋಯಿತು. ಗಡ್ಡೆ ಉಳಿದು ಲೋಕ ಸುತ್ತಿತು. ಪಡುವಣ ಕರಾವಳಿಗೆ ಅದು ಬಂದದ್ದು ಪೋರ್ಚುಗೀಸರ ಜೊತೆ. ಕರಾವಳಿಯವರ ‘ಬಟಾಟೆ’ ಅವರ ಮಾತೇ. ಮೆಣಸಿನಕಾಯಿ, ಕಡಲೆಕಾಯಿ, ಟೊಮೇಟೊ ಕೂಡ ಅಮೆರಿಕದ ನಂಟರು. ಆಮೇಲೆ ಬ್ರಿಟಿಷರ ದಂಡು, ಬಂಗಲೆ, ಎಸ್ಟೇಟು ಆಲೂಗಡ್ಡೆಗೆ ಗಿರಾಕಿಗಳಾದವು. 1889ಕ್ಕೆ ಬೆಂಗಳೂರಿನಿಂದ ಹರಿಹರದ ಕಡೆ ರೈಲು ಹಳಿ ಪೂರ್ತಿಯಾಯಿತು. ಕಡೂರು, ಬೀರೂರು, ಅಜ್ಜಂಪುರ ಆ ಹಳಿಯ ಮೇಲಿವೆ. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಇನ್ನೊಂದು ಹಳಿ ಬಂತು. ಹಳಿ ಬಂದ ಕಡೆ ಮಂಡಿ ಬಂತು, ಮಂಡಿ ಬಂದ ಕಡೆ ಹೋಟೆಲು ಬಂತು.

ಶ್ರಾದ್ಧದ ಅಡುಗೆಗೆ ಸಂಪ್ರದಾಯಸ್ಥರು ಇವತ್ತಿಗೂ ಆಲೂಗಡ್ಡೆ, ಮೆಣಸಿನಕಾಯಿ, ಟೊಮೇಟೊ ಬಳಸಲ್ಲ, ಕರಿಮೆಣಸು ಹಾಕ್ತಾರೆ. ಹೊರಗಿನವು ಅಂತ ಅವರಿಗೆ ಗೊತ್ತು. ಉಳಿದ ದಿನ ಅವೇ ಮಡಿ ಅಡುಗೆಮನೆಯ ನಡುವೆ ಕೂತಿರ್ತವೆ. ಆಂಡೀಸಿನ ಗಡ್ಡೆ, ಆಫ್ರಿಕದ ಕಾಳು ಒಳಗೆ ಬರಬಹುದು. ಅದನ್ನು ಬಿತ್ತಿ, ಕಳೆ ಕಿತ್ತು, ಮೂಟೆ ಹೊತ್ತು ಬಾಗಿಲ ತನಕ ತಂದವನು ಮಾತ್ರ ಹೊಸಿಲು ದಾಟಬಾರದು. ಹಾಗಾದರೆ ಮಡಿಗೆ ಪದಾರ್ಥದ ಮೇಲೆ ಸಿಟ್ಟಿಲ್ಲ. ಅದರ ಸಿಟ್ಟೆಲ್ಲ ಮನುಷ್ಯನ ಮೇಲೆ.

ಈ ಸಿಟ್ಟು ಎಲ್ಲಿಯವರೆಗೆ ಹೋಗುತ್ತೆ ಅನ್ನೋಕೆ ಅಂಬೇಡ್ಕರ್ 1936ರ ‘ಜಾತಿ ವಿನಾಶ’ದಲ್ಲಿ ಒಂದು ಘಟನೆ ಕೊಡ್ತಾರೆ. ಜಯಪುರ ಸಂಸ್ಥಾನದ ಚಕವಾರಾ ಹಳ್ಳಿ. ಯಾತ್ರೆ ಮುಗಿಸಿ ಬಂದ ಅಸ್ಪೃಶ್ಯನೊಬ್ಬ ತನ್ನವರಿಗೆ ಊಟ ಹಾಕಿಸಿದ. ಊಟದಲ್ಲಿ ತುಪ್ಪ ಇತ್ತು. ತುಪ್ಪ ತಿನ್ನೋ ಹಕ್ಕು ನಿಮಗೆಲ್ಲಿಯದು ಅಂತ ಸವರ್ಣೀಯರು ದೊಣ್ಣೆ ಹಿಡಿದು ಬಂದು ಊಟ ಹಾಳುಮಾಡಿ ಉಣ್ಣುತ್ತಿದ್ದವರನ್ನು ಹೊಡೆದರು. ತುಪ್ಪ ಅವನದು, ದುಡ್ಡು ಅವನದು, ತಿಂದವರು ಅವನ ಜನ. ಆದರೂ ಹೊಡೆದರು. ಆದ್ದರಿಂದ ರೊಟ್ಟಿಯ ಮೇಲೆ ಏನು ಬಿತ್ತು ಅನ್ನೋದು ರುಚಿಯ ಮಾತಷ್ಟೇ ಆಗಿ ಉಳಿಯಲ್ಲ. ಒಣರೊಟ್ಟಿಗೆ ಎಣ್ಣೆ ಒಗ್ಗರಣೆಯ ಪಲ್ಯ ಬಂದದ್ದು ನಮ್ಮ ಕೇರಿಗಳಲ್ಲಿ ಒಂದು ಚಾರಿತ್ರಿಕ ಘಟನೆ.

ಆಲೂಗಡ್ಡೆ ಬರೀ ಉಪಕಾರಿ ಅಂತ ನಾನು ಹೇಳಲ್ಲ. 1845ರಲ್ಲಿ ಐರ್ಲೆಂಡಿನ ಗಡ್ಡೆಗೆ ಅಂಗಮಾರಿ ಬಿತ್ತು. ಬಡವರು ಅದೊಂದನ್ನೇ ನಂಬಿದ್ದರು, ಯಾಕೆಂದರೆ ಒಳ್ಳೆ ನೆಲದ ಬೆಳೆ ಜಮೀನ್ದಾರನ ಗೇಣಿಗೆ ಹೋಗುತ್ತಿತ್ತು. ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿದರು. ಆ ವರ್ಷಗಳಲ್ಲೂ ಅಲ್ಲಿಂದ ಇಂಗ್ಲೆಂಡಿಗೆ ಆಹಾರ ಸಾಗುತ್ತಲೇ ಇತ್ತು. ನಮ್ಮ ಧಾತು ಬರದ ಕಾಲದಲ್ಲೂ ಇಂಡಿಯಾದಿಂದ ಗೋಧಿ ಸಾಗಿತು. ಎರಡೂ ಬರಕ್ಕೆ ಒಬ್ಬಳೇ ರಾಣಿ, ವಿಕ್ಟೋರಿಯಾ. ಅದೇ ಅಂಗಮಾರಿ ಇವತ್ತು ಹಾಸನ, ಚಿಕ್ಕಮಗಳೂರು ಬಯಲಿನ ಮುಂಗಾರು ಆಲೂಗಡ್ಡೆಯನ್ನೂ ಹಿಡಿಯುತ್ತೆ. ಬಿತ್ತನೆ ಗಡ್ಡೆ ಪಂಜಾಬಿನ ಜಲಂಧರದಿಂದ ಲಾರಿಯಲ್ಲಿ ಬರಬೇಕು. ಬೀಜಕ್ಕೆ ಸಾಲ, ಔಷಧಿಗೆ ಸಾಲ, ಬೆಳೆ ಬಂದ ವಾರ ಬೆಲೆ ಇಲ್ಲ. ಪಲ್ಯ ಅಗ್ಗ ಆದ ದಿನ ಯಾವನೋ ಒಬ್ಬ ರೈತನ ಹೊಟ್ಟೆ ಉರಿದಿರುತ್ತೆ.

ಇನ್ನು ರಾಗಿಯ ಗತಿ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಅಂತ ಸಾರಿತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇದೆ, ಬಿಳಿ ಅಕ್ಕಿಯಲ್ಲಿ ಹತ್ತರ ಆಸುಪಾಸು. ಶಹರದವರು ಪಾಕೀಟು ಕೊಂಡು ಮಾಲ್ಟು, ಬಿಸ್ಕತ್ತು ತಿಂತಾರೆ. ತಿನ್ನಲಿ, ಸಂತೋಷ. ಆದರೆ ‘ರಾಗಿ ತಿನ್ನೋ ನನ್ಮಕ್ಕಳು’ ಅಂತ ಬೈಸಿಕೊಂಡವರಿಗೆ ಈ ಹೊಸ ಮರ್ಯಾದೆಯಲ್ಲಿ ಪಾಲೆಷ್ಟು? ಮೊರದಿಂದ ಸೆರಗಿಗೆ ತಂಗಳು ರೊಟ್ಟಿ ಮೇಲಿನಿಂದ ಹಾಕಿಸಿಕೊಂಡ ಕೈಗಳು ಇನ್ನೂ ಬದುಕಿವೆ. ನಮ್ಮ ಮನೆಯಲ್ಲೂ ಇವೆ.

ಕಾನೂನು ಬಂದಿಲ್ಲ ಅಂತಲ್ಲ. 1950ರ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆ ತೊಡೆಯಿತು. 1955ರ ಕಾಯಿದೆ ಅದನ್ನು ಶಿಕ್ಷಾರ್ಹ ಮಾಡಿತು. 1961ರ ಕಾಯಿದೆ ತೋಟಿ ತಳವಾರಿಕೆಯ ವಂಶಪಾರಂಪರ್ಯ ಚಾಕರಿ ರದ್ದು ಮಾಡಿತು. 1976ರಲ್ಲಿ ಜೀತ ರದ್ದಾಯಿತು. ಶಾಲೆಯಲ್ಲಿ ಬೇಯಿಸಿದ ಊಟ ಕೊಡಿ ಅಂತ ಸುಪ್ರೀಂ ಕೋರ್ಟು 2001ರ ನವೆಂಬರ್ 28ರಂದು ಹೇಳಿತು. 2004ರ ಏಪ್ರಿಲ್ 20ರಂದು, ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಿ ಅಂತಲೂ ಹೇಳಿತು. ಕೋರ್ಟಿಗೆ ಗೊತ್ತಿತ್ತು, ಜಾತಿಯ ಕೊನೆಯ ಕೋಟೆ ಅಡುಗೆಮನೆ ಅಂತ. ಆಮೇಲೂ ದಲಿತ ಹೆಂಗಸು ಬೇಯಿಸಿದಳು ಅಂತ ಮಕ್ಕಳ ತಟ್ಟೆ ಕಿತ್ತುಕೊಂಡ ಅಪ್ಪ ಅಮ್ಮಂದಿರ ಸುದ್ದಿ ಕರ್ನಾಟಕದ ಪತ್ರಿಕೆಗಳಲ್ಲೇ ಬಂದಿದೆ. ಅಲ್ಲಿ ಬೆಂದ ಆಲೂಗಡ್ಡೆಗೆ ಯಾವ ದೋಷವೂ ಇರಲಿಲ್ಲ.

ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ ಒಂದು ಮಾತು. ಚರಿತ್ರೆಯ ಪಾಠದಲ್ಲಿ ಒಂದು ದಿನ ರಾಜರಿಗೆ ರಜೆ ಕೊಡಿ. ಕಪ್ಪು ಹಲಗೆ ಮೇಲೆ ರೊಟ್ಟಿ ಬರೆಯಿರಿ, ಪಕ್ಕಕ್ಕೆ ಪಲ್ಯ ಬರೆಯಿರಿ. ರಾಗಿ ಯಾವ ಖಂಡದ್ದು, ಗಡ್ಡೆ ಯಾವ ಬೆಟ್ಟದ್ದು, ಮೆಣಸಿನಕಾಯಿ ಯಾವ ಹಡಗಿನಲ್ಲಿ ಬಂತು ಅಂತ ಮಕ್ಕಳಿಂದಲೇ ಭೂಪಟದಲ್ಲಿ ಗೀಟು ಎಳೆಸಿ. ಊರಿನ ಹೊಲ ಯಾರ ಹೆಸರಲ್ಲಿದೆ, ಉಳುವವರು ಯಾರು, ಅದನ್ನೂ ಬರೆಸಿ. ಬೆಲ್ಲು ಹೊಡೆದ ಮೇಲೆ ನೀವು ಬುತ್ತಿ ತಂದಿದ್ದರೆ ಅದನ್ನ ಸ್ಟಾಫ್ ರೂಮಿನಲ್ಲಿ ಬಿಚ್ಚಬೇಡಿ. ಮಕ್ಕಳ ಸಾಲಿನಲ್ಲಿ ಕೂತು, ಅಡುಗೆಯವ್ವನ ಕೈಯಿಂದ ಬಡಿಸಿಕೊಂಡು, ಎಲ್ಲರ ಕಣ್ಣೆದುರಿಗೆ ಉಣ್ಣಿ. ಯಾವ ಹುಡುಗ ಸಾಲಿನಿಂದ ಎದ್ದು ದೂರ ಹೋಗಿ ಕೂರ್ತಾನೆ ನೋಡಿ. ನಾಳೆಯ ಪಾಠ ಅವನ ಮನೆಯಲ್ಲಿ ಶುರು ಮಾಡಿ.